ನೀಲಾವತಿಯ ಹನ್ನೆರಡು ಬಾಟಲಿಗಳು

ಸಿರುಗುಪ್ಪದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಇಪ್ಪತ್ನಾಲ್ಕನೇ ಇಸವಿಯ ಫೆಬ್ರವರಿ ತಿಂಗಳ ಒಂದು ಮುಂಜಾನೆ, ನಾನು ಪ್ಯಾಂಟು ಒದ್ದೆ ಮಾಡಿಕೊಂಡೆ. ವಾಕ್ಯವನ್ನು ಇಲ್ಲಿಗೇ ಬಿಟ್ಟರೆ ಐವತ್ಮೂರು ವರ್ಷದ ಕನ್ನಡ ಅಧ್ಯಾಪಕನ ಮಾನ ಉಳಿಯುವುದಿಲ್ಲ. ಆದ್ದರಿಂದ ನಡೆದದ್ದನ್ನು ಪೂರ್ತಿ ಹೇಳುತ್ತೇನೆ.

ಅಂದು ಅಲ್ಲಿನ ಕಾಲೇಜೊಂದರಲ್ಲಿ ನನ್ನ ಭಾಷಣವಿತ್ತು. ವಿಷಯ, ಬದಲಾಗುತ್ತಿರುವ ಹವಾಮಾನ. ಹವಾಮಾನದ ಬಗ್ಗೆ ನನಗೆ ಗೊತ್ತಿದ್ದದ್ದು ಬಳ್ಳಾರಿಯಲ್ಲಿ ಹುಟ್ಟಿದ ಯಾರಿಗೂ ಗೊತ್ತಿರುವಷ್ಟು: ಬಿಸಿಲು ಇರುತ್ತದೆ, ಆಮೇಲೂ ಇರುತ್ತದೆ. ಕರೆದವರಿಗೆ ಇದನ್ನು ಪ್ರಾಮಾಣಿಕವಾಗಿ ಹೇಳಿದ್ದೆ. "ಪರವಾಗಿಲ್ಲ ಸಾರ್, ಒಂದರ್ಧ ಗಂಟೆ ನಗಿಸಿಬಿಡ್ರಿ" ಅಂದಿದ್ದರು. ಹಾಸ್ಯ ಬರೆಯುವವನಿಗೆ ಯಾವ ವಿಷಯ ಕೊಟ್ಟರೂ ನಡೆಯುತ್ತದೆ ಎಂದು ಜನ ನಂಬಿದ್ದಾರೆ. ನಾನೂ ನಂಬಿದ್ದೆ.

ಬಳ್ಳಾರಿಯಲ್ಲಿ ಬಸ್ಸು ಹತ್ತುವ ಮುಂಚೆ ಮಂಡಕ್ಕಿ ಒಗ್ಗರಣೆ ಜೊತೆ ನಾಲ್ಕು ಮಿರ್ಚಿ ತಿಂದಿದ್ದೆ. ಸಿರುಗುಪ್ಪದಲ್ಲಿ ಇಳಿಯುವ ಹೊತ್ತಿಗೆ ಆ ನಾಲ್ಕೂ ಒಂದಾಗಿ ಹೊಟ್ಟೆಯಲ್ಲಿ ಸಭೆ ಸೇರಿದ್ದವು. ಕಾರ್ಯಕ್ರಮಕ್ಕೆ ಇನ್ನೂ ಒಂದು ಗಂಟೆ ಇತ್ತು. ಗಲ್ಲಿಯ ಬಾಯಲ್ಲೇ ಗೋಲಿ ಸೋಡಾ ಅಂಗಡಿ ಕಂಡಿತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಒಳಗಿಂದ ಸೋಡಾ ಮಷೀನಿನ ಸದ್ದು ಬರುತ್ತಿತ್ತು. ಮೂಲೆಯಲ್ಲಿ ಹಸಿ ಮರಳು ತುಂಬಿದ ಒಂದು ಅಗಲ ಬಾಯಿಯ ಮಡಕೆ, ಅದರಲ್ಲಿ ಕುತ್ತಿಗೆಯವರೆಗೆ ಹುಗಿದಿಟ್ಟ ಏಳು ಬಾಟಲಿ, ಒಂದೊಂದರ ಕೊರಳಿಗೂ ಒಂದೊಂದು ಬಣ್ಣದ ದಾರ. ಗಣ್ಯರಿಗಾಗಿ ತಣ್ಣಗೆ ಇಟ್ಟಿದ್ದಾರೆ ಅಂದುಕೊಂಡೆ. ಅಲ್ಲಿ ಗಣ್ಯ ಅಂತ ನಾನೊಬ್ಬನೇ ಇದ್ದೆ.

ಕೆಂಪು ದಾರದ್ದನ್ನು ಎಳೆದುಕೊಂಡೆ. ಚಿಕ್ಕವನಿದ್ದಾಗ ಹೆಬ್ಬೆರಳಲ್ಲೇ ಗೋಲಿ ಒತ್ತಿ ಸೋಡಾ ಒಡೆಯುತ್ತಿದ್ದವನು ನಾನು. ಹೆಬ್ಬೆರಳು ಅದೇ, ಹಿಡಿತ ಮಾತ್ರ ಬೇರೆಯಾಗಿತ್ತು. ಢಬ್ ಅಂತು. ಬಾಟಲಿಯ ಮುಕ್ಕಾಲು ಭಾಗ ಹೊರಗೆ ಹಾರಿ, ನನ್ನ ತಿಳಿಬಣ್ಣದ ಪ್ಯಾಂಟಿನ ಮೇಲೆ, ಎಲ್ಲಿ ಬೀಳಬಾರದೋ ಸರಿಯಾಗಿ ಅಲ್ಲೇ ಬಿತ್ತು.

ಸದ್ದಿಗೆ ಅಂಗಡಿಯ ಯಜಮಾನ ಹೊರಗೆ ಬಂದ. ಅರವತ್ತು ದಾಟಿದ, ಸಣಕಲು ಮೈಯ ಉಚ್ಚೆಂಗೆಪ್ಪ. ನನ್ನನ್ನಾಗಲಿ ನನ್ನ ಪ್ಯಾಂಟನ್ನಾಗಲಿ ಅವನು ನೋಡಲಿಲ್ಲ. ದಾರ ನೋಡಿದ.

"ಇದು ಶುಕ್ರವಾರದ್ದು" ಅಂದ.

"ರೊಕ್ಕ ಕೊಡ್ತೀನ್ರಿ" ಅಂದೆ.

"ರೊಕ್ಕ ಇರಲಿ. ಗೋಲಿ ಹೆಂಗ ಇಳೀತು? ಢಬ್ ಅಂತೋ, ಪುಸ್ ಅಂತೋ?"

"ಢಬ್ ಅಂತು."

"ಎಲ್ಲಿ ತನಕ ಹಾರಿತು?"

ನಾನು ಕೆಳಗೆ ಬೆರಳು ತೋರಿಸಿದೆ. ಅವನು ಬಗ್ಗಿ ನೋಡಿ, ತೃಪ್ತಿಯಿಂದ ತಲೆ ಆಡಿಸಿದ. ಆಮೇಲೆ ಒಳಗೆ ತಿರುಗಿ ಕೂಗಿದ: "ನೀಲಾ, ಬಾ ಇಲ್ಲೆ. ಸಾಕ್ಷಿ ಒಡದುಬಿಟ್ಟಾರ ಇವರು."

ಹೊರಗೆ ಬಂದವಳು ನೀಲಾವತಿ, ಅವನ ಮಗಳು. ಮೂವತ್ನಾಲ್ಕು ವರ್ಷ, ಕನ್ನಡಕ, ಮೊಣಕೈವರೆಗೆ ಮಡಚಿದ ತೋಳು. ಈ ಬರಹ ಅವಳ ಬಗ್ಗೆ. ಅವಳ ಹಿಂದೆ ಅವಳ ತಾಯಿ ಪಾರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮರುಕದಿಂದ ಅಲ್ಲ. ನೀಲಾವತಿ ಮಾತ್ರ ನಗಲಿಲ್ಲ. ಒಳಗೆ ಹೋಗಿ ಅಪ್ಪನ ಒಂದು ನೀಲಿ ಚೌಕಳಿ ಲುಂಗಿ ತಂದು ಕೊಟ್ಟಳು. ಐದು ನಿಮಿಷದಲ್ಲಿ ನಾನು ಲುಂಗಿಯಲ್ಲಿದ್ದೆ, ನನ್ನ ಪ್ಯಾಂಟು ಅಂಗಡಿ ಮುಂದಿನ ತಂತಿಯ ಮೇಲೆ ಊರಿಗೆಲ್ಲ ಕಾಣುವಂತೆ ತೂಗುತ್ತಿತ್ತು.

ಆ ಮರಳಿನ ಮಡಕೆಯ ಕಥೆ ಆಗ ತಿಳಿಯಿತು. ಉಚ್ಚೆಂಗೆಪ್ಪನ ಅಪ್ಪನ ಕಾಲದಿಂದ ಆ ಅಂಗಡಿಯ ಪದ್ಧತಿ ಅದು. ದಿನಕ್ಕೆ ಇನ್ನೂರು ಬಾಟಲಿ ತುಂಬಿದರೆ ಅದರಲ್ಲಿ ಒಂದನ್ನು ಮಾರುವುದಿಲ್ಲ. ದಿನಕ್ಕೊಂದು ಬಣ್ಣದ ದಾರ ಕಟ್ಟಿ ಮರಳಲ್ಲಿ ಇಡುತ್ತಾರೆ. ಅದು ಸಾಕ್ಷಿ ಬಾಟಲಿ. ಊರೂರಿಗೆ ಹೋದ ಸೋಡಾ ಸಪ್ಪೆಯಾಯಿತು ಎಂದು ಯಾವ ಅಂಗಡಿಯವನಾದರೂ ತಕರಾರು ತಂದರೆ, ಆ ದಿನದ ಸಾಕ್ಷಿಯನ್ನು ಅವನ ಎದುರೇ ಒಡೆಯುತ್ತಾರೆ. ಪುಸ್ ಅಂದರೆ ತಪ್ಪು ತುಂಬಿದವನ ಕೈಯದ್ದು. ಮಾಲು ಬದಲಿಸಿ ಕೊಡುತ್ತಾರೆ. ಢಬ್ ಅಂದರೆ ತಪ್ಪು ಒಯ್ದು ಬಿಸಿಲಿಗೆ ಇಟ್ಟವನದ್ದು. ಬಾಯಿ ಮುಚ್ಚಿಕೊಂಡು ಹೋಗಬೇಕು.

"ಮತ್ತ ಸಾಕ್ಷಿ ಯಾವತ್ತೂ ಖಡಕ್ ಮಾಲಿಂದ ತೆಗೀಬೇಕ್ರಿ" ಅಂದ ಉಚ್ಚೆಂಗೆಪ್ಪ. "ಸೌಮ್ಯ ಸೋಡಾ ಸೋರದಿದ್ರ ಅದರಾಗ ಏನು ದೊಡ್ಡಸ್ತಿಕಿ? ಗ್ಯಾಸ್ ತುಂಬಿ ತುಳುಕಾಡೂದು ಸೋರಲಿಲ್ಲ ಅಂದ್ರ, ಅದು ಕೈ."

ಅಷ್ಟರಲ್ಲಿ ಶುಕ್ರವಾರದ ತಕರಾರು ಬಂದೇಬಿಟ್ಟಿತು. ದೇಶನೂರಿನ ಕಿರಾಣಿ ಅಂಗಡಿಯ ಎರ್ರಣ್ಣ ಬೈಕಿನ ಹಿಂದೆ ಒಂದು ಕ್ರೇಟು ಕಟ್ಟಿಕೊಂಡು ಬಂದು, ಇಳಿಯುವ ಮುಂಚೆಯೇ ಶುರು ಮಾಡಿದ.

"ಏನು ಉಚ್ಚೆಂಗೆಪ್ಪಣ್ಣ, ಸೋಡಾ ಕೊಟ್ಟೀಯೋ, ಕಾಲುವಿ ನೀರು ಕೊಟ್ಟೀಯೋ? ಗೋಲಿ ಒತ್ತಿದ್ರ ಆಕಳಿಸಿದಂಗ ಸದ್ದು ಬರತೈತಿ. ಒಡಿ ಶುಕ್ರವಾರದ್ದು, ನೋಡೇಬಿಡೋಣ."

"ಒಡದಾತು."

"ಯಾರು ಒಡದ್ರು?"

ಉಚ್ಚೆಂಗೆಪ್ಪ ನನ್ನನ್ನು ತೋರಿಸಿದ. "ಬಳ್ಳಾರಿ ಕಾಲೇಜಿನ ಸಾರು. ಪೇಪರಿನಾಗ ಬರೀತಾರ. ಇವರೇ ಹೇಳ್ತಾರ ಕೇಳು."

ಮೂವತ್ತು ವರ್ಷ ಪಾಠ ಮಾಡಿದ್ದೇನೆ, ನೂರಾರು ವೇದಿಕೆ ಹತ್ತಿದ್ದೇನೆ, ಲುಂಗಿಯುಟ್ಟು ಸಾಕ್ಷಿ ನುಡಿದದ್ದು ಅದೇ ಮೊದಲು. "ಢಬ್ ಅಂತು" ಅಂದೆ. ಎರ್ರಣ್ಣ ನನ್ನ ಮಾತನ್ನು ನಂಬುವ ಮುಖ ಮಾಡಲಿಲ್ಲ. ನೇರ ತಂತಿಯ ಹತ್ತಿರ ಹೋಗಿ ನನ್ನ ಪ್ಯಾಂಟನ್ನು ಎರಡು ಬೆರಳಲ್ಲಿ ಹಿಡಿದು ಹಿಂಡಿದ. ನೀರು ತೊಟ್ಟಿಕ್ಕಿತು.

"ಇಷ್ಟು ಹಾರೇತಿ ಅಂದ್ರ ಗ್ಯಾಸ್ ಇತ್ತು ಬಿಡು" ಅಂದ. ಬೆರಳು ಅಂಗಿಗೆ ಒರೆಸಿಕೊಂಡು, "ತಗಡಿನ ಮಗ್ಗುಲಿಗೆ ಇಟ್ಟಿದ್ದೆ, ಅದಕ್ಕ ಆಗಿರಬೇಕು" ಎಂದು ಒಪ್ಪಿಕೊಂಡ. ಸೋತವನಿಗೆ ಹೋಗುವಾಗ ಒಂದು ಮಾತು ಆಡದಿದ್ದರೆ ಸಮಾಧಾನವಿಲ್ಲ. ಬೈಕಿಗೆ ಒದೆಯುತ್ತ ಅಂದ: "ಮಗಳ ಕೈಲೆ ಮಾತ್ರ ತುಂಬಸಬ್ಯಾಡ ಮಾರಾಯಾ. ಹಡಗಿನಾಗ ಆಕಿ ಮುಚ್ಚಿದ್ದು ಎಲ್ಲ ಸೋರ್ಯಾವಂತಲ್ಲ."

ಬೈಕು ಹೋಯಿತು. ನೀಲಾವತಿ ಖಾಲಿ ಬಾಟಲಿ ತೊಳೆಯುವ ತೊಟ್ಟಿಯ ಹತ್ತಿರ ಹೋಗಿ, ತೊಳೆದದ್ದನ್ನೇ ಮತ್ತೆ ತೊಳೆಯತೊಡಗಿದಳು.

"ಹಡಗು?" ಅಂದೆ. ಸಿರುಗುಪ್ಪದಿಂದ ಸಮುದ್ರಕ್ಕೆ ಹೋಗಬೇಕೆಂದರೆ ಯಾವ ದಿಕ್ಕಿಗೆ ಹೋದರೂ ಒಂದು ದಿನ ಬೇಕು. ಈ ಊರಿನಲ್ಲಿ ನೀರಿನ ಮೇಲೆ ಹೋಗುವುದೆಂದರೆ ಕೆಂಚನಗುಡ್ಡದ ಹತ್ತಿರ ಹೊಳೆ ದಾಟುವುದು, ಅಷ್ಟೇ.

ಉತ್ತರ ಹೇಳಿದವಳು ಪಾರಮ್ಮ. "ಸಮುದ್ರದ ನೀರು ಬಾಟ್ಲಿಗೆ ತುಂಬೂ ಕೆಲಸ ರೀ ನಮ್ಮ ನೀಲಾಂದು. ತುಂಬಿ ಅದಕ್ಕ ಒಂದು ಹನಿ ವಿಷ ಹಾಕ್ತಾಳ. ಓದಿಸಿದ್ದಕ್ಕ."

"ಅವ್ವಾ, ನೀರಿನಾಗಿನ ಜೀವ ಉಸಿರಾಡಿದ್ರ ಲೆಕ್ಕ ತಪ್ಪತೈತಿ ಅಂತ ಹಾಕೂದು" ಅಂದಳು ನೀಲಾವತಿ, ತಿರುಗದೆ.

"ಅದನ್ನೇ ಹೇಳಿದೆ, ಜೀವಕ್ಕ ವಿಷ."

ನಂತರ ನೀಲಾವತಿಯೇ ಹೇಳಿದಳು, ಬಾಟಲಿ ತೊಳೆಯುತ್ತ, ಬಿಟ್ಟು ಬಿಟ್ಟು. ಅಪ್ಪನ ಮಷೀನಿನ ಪಕ್ಕದಲ್ಲಿ ಬೆಳೆದವಳು. ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದಿದಳು, ಅಲ್ಲೇ ಆರು ವರ್ಷ ಕುಡಿಯುವ ನೀರಿನ ಪ್ರಯೋಗಶಾಲೆಯಲ್ಲಿ ದುಡಿದಳು. ಕುರುಗೋಡಿನ ಅಂಜಿನೇಯನನ್ನು ಮದುವೆಯಾದಳು. ಅವನು ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟವನು. ಪಶ್ಚಿಮ ಕರಾವಳಿಯ ಒಂದು ಸಂಶೋಧನಾ ಸಂಸ್ಥೆ ಹಡಗಿನ ಕೆಲಸಕ್ಕೆ ಸಹಾಯಕರನ್ನು ಕರೆದಾಗ ಅರ್ಜಿ ಹಾಕು ಎಂದವನು ಅವನೇ. ಸಂಸ್ಥೆಯ ಹೆಸರು ಬರೆಯಬೇಡಿ ಅಂದಿದ್ದಾಳೆ, ಬರೆದಿಲ್ಲ. ಸಂದರ್ಶನದಲ್ಲಿ ಅಲ್ಲಿನ ಮುಖ್ಯಸ್ಥೆ ಸುನಂದಾ ಮೇಡಂ ಅವಳ ಕೈಗೆ ಒಂದು ಗಾಜಿನ ಬಾಟಲಿ, ನಲ್ಲಿಗೆ ಸಿಕ್ಕಿಸಿದ ಒಂದು ರಬ್ಬರ್ ಕೊಳವೆ ಕೊಟ್ಟು, ಒಂದು ಗುಳ್ಳೆಯೂ ಇಲ್ಲದಂತೆ ತುಂಬಿ ಮುಚ್ಚು ಅಂದರು. ಉಳಿದವರು ಮೂರು ಸಲ ಮಾಡಿದ್ದನ್ನು ಇವಳು ಒಂದೇ ಸಲಕ್ಕೆ ಮಾಡಿದಳು. ಮಾಡಿ, ಕೈ ರೂಢಿಯಂತೆ, ಬಾಟಲಿಯನ್ನು ತಲೆಕೆಳಗು ಮಾಡಿ ತಿರುಗಿಸಿದಳು. ಗೋಲಿ ಸೋಡಾ ತುಂಬುವವರ ಅಭ್ಯಾಸ ಅದು. ತಲೆಕೆಳಗಾದರೇ ಗೋಲಿ ಬಂದು ಬಾಯಿಗೆ ಕೂರುತ್ತದೆ. ಇಲ್ಲಿ ಗೋಲಿ ಇಲ್ಲ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳಂತೆ. ಸುನಂದಾ ಮೇಡಂ ಮಾತ್ರ, "ವಿಷದ ಹನಿ ಬೆರೆಯಲಿ ಅಂತ ನಾವು ಹೀಗೇ ತಿರುಗಿಸಬೇಕು. ನಿಮಗೆ ಇದನ್ನ ಯಾರು ಕಲಿಸಿದ್ರು?" ಅಂದರು. "ನಮ್ಮಪ್ಪ" ಅಂದಳು. ಕೆಲಸ ಸಿಕ್ಕಿತು.

"ಸಮುದ್ರದ ನೀರು ತುಂಬಿ ಏನು ನೋಡ್ತೀರಿ?"

"ಗ್ಯಾಸ್, ಸಾರ್. ಇದೇ ಗ್ಯಾಸು" ಎಂದು ಮಷೀನಿನ ಪಕ್ಕದ ಸಿಲಿಂಡರು ತೋರಿಸಿದಳು. "ಲಾರಿ ಹೊಗಿ, ಚಿಮಣಿ ಹೊಗಿ, ನಾವು ಬಿಡೂದ್ರಾಗ ನಾಲ್ಕರಾಗ ಒಂದು ಪಾಲು ಸಮುದ್ರ ಕುಡೀತೈತಿ. ಆದ್ರ ಎಲ್ಲಾ ವರ್ಷ ಒಂದೇ ಸಮ ಕುಡಿಯಂಗಿಲ್ಲ. ಎಲ್ಲಾ ಕಡಿ ಕುಡಿಯಂಗೂ ಇಲ್ಲ. ಕೆಲವು ಕಡಿ ವಾಪಸ್ ಉಗಳತೈತಿ. ಯಾವ ವರ್ಷ ಎಷ್ಟು, ಅದನ್ನ ಬರಕೊಳ್ಳಾಕ ಹೋಗೂದು."

ಇಪ್ಪತ್ಮೂರರ ಆಗಸ್ಟಿನಲ್ಲಿ ಹಡಗು ಅರಬ್ಬೀ ಸಮುದ್ರಕ್ಕೆ ಹೋಯಿತು. ಪ್ರತಿ ವರ್ಷ ನಿಲ್ಲುವ ಜಾಗಗಳಲ್ಲೇ ನಿಂತು ನೀರು ತೆಗೆದರು. ಮೇಲಿನ ನೀರು ತುಂಬುವ ಪಾಳಿ ನೀಲಾವತಿಯದ್ದು. ಸಾವಿರ ಮೀಟರ್ ಕೆಳಗಿನ ನೀರಿನ ಪಾಳಿ ಇನ್ನೊಬ್ಬ ಹುಡುಗನದ್ದು. ಹಿಂತಿರುಗಿ ಅಳೆದು ನೋಡಿದರೆ, ಆ ಹುಡುಗನ ಬಾಟಲಿಗಳು ಹಿಂದಿನ ವರ್ಷಗಳಿಗೆ ಸರಿಹೊಂದಿದವು. ನೀಲಾವತಿಯವು ಒಂದೂ ಬಿಡದೆ ಕಡಿಮೆ ಬಂದವು. ನೂರಕ್ಕೆ ಎರಡು ಕಡಿಮೆ.

"ಎರಡೇ?" ಅಂದೆ. ನೂರಕ್ಕೆ ಅರವತ್ತೈದು ಕಡಿಮೆ ಬಂದವರನ್ನೂ ಪಾಸು ಮಾಡಿದ ಕೈ ನನ್ನದು.

"ಸಮುದ್ರಕ್ಕ ಎರಡು ಅಂದ್ರ ಭಾಳ ಆತ್ರಿ. ಸಮುದ್ರ ಅಷ್ಟು ಬದಲಾಗೂದಕ್ಕಿಂತ ಮುಚ್ಚಳ ಸಡಿಲಾಗೂದು ಸರಳ ಅಲ್ಲೇನು? ಗ್ಯಾಸ್ ಹೊರಗ ಹೋಗೇತಿ ಅಂತ ಆತು."

ಸುನಂದಾ ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನುತ್ತಾಳೆ ನೀಲಾವತಿ. "ಯಾರಿಗಾದರೂ ಆಗುತ್ತೆ. ಮುಂದಿನ ಸಲ ಬೇಕಾದರೆ ದಡದ ಕೆಲಸ ಮಾಡಿ" ಅಂದರು. ಜುಲೈಯಲ್ಲಿ ಹೊರಡುವ ಮುಂದಿನ ಹಡಗಿನ ಪಟ್ಟಿ ಮಾರ್ಚ್ ಕೊನೆಗೆ ತಯಾರಾಗುತ್ತದೆ. ಅದರಲ್ಲಿ ತನ್ನ ಹೆಸರು ಇರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ರಜೆ ಹಾಕಿ ಬಂದು ಅಪ್ಪನ ಬಾಟಲಿ ತೊಳೆಯುತ್ತಿದ್ದಳು. ಅವಳ ಹೆಸರಿನ ಜೊತೆ ಆ ವರ್ಷದ ಸಮುದ್ರದ ಲೆಕ್ಕವೂ ಹೋಗುತ್ತಿತ್ತು. ಸೋರಿದ ಬಾಟಲಿಯ ಅಂಕಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಉಚ್ಚೆಂಗೆಪ್ಪ ಇಷ್ಟು ಹೊತ್ತೂ ನಾನು ಒಡೆದ ಬಾಟಲಿಯ ಕೆಂಪು ದಾರ ಬಿಚ್ಚುತ್ತಿದ್ದ. ಈಗ ಕೇಳಿದ, ತೀರಾ ಸಾಧಾರಣ ದನಿಯಲ್ಲಿ.

"ಯವ್ವಾ ನೀಲಾ, ಸಾಕ್ಷಿ ಇಡಲಿಲ್ಲೇನು?"

ತೊಟ್ಟಿಯಲ್ಲಿ ಕೈ ನಿಂತಿತು.

"ಹನ್ನೆರಡು ಅದಾವಪ್ಪಾ" ಅಂದಳು.

"ಎಲ್ಲಿ?"

"ಅಲ್ಲೇ, ಸಂಸ್ಥೆದಾಗ. ನನ್ನ ಟೇಬಲ್ ಕೆಳಗ, ಒಂದು ಪೆಟ್ಟಿಗ್ಯಾಗ."

"ಯಾವ ಮಾಲಿಂದ ತೆಗೆದಿ?"

"ಖಡಕ್ ಮಾಲಿಂದ. ಸಾವಿರ ಮೀಟರ್ ಕೆಳಗಿನ ನೀರಿನಾಗ ಗ್ಯಾಸ್ ಜಾಸ್ತಿ ಇರತೈತಿ. ಆ ಹುಡುಗ ತನ್ನ ಬಾಟ್ಲಿ ತುಂಬಿದ ಮ್ಯಾಲೆ ಉಳಿದ ನೀರು ಚೆಲ್ಲತಿದ್ದ. ಚೆಲ್ಲೂ ಮುಂಚೆ ದಿನಾ ಒಂದು ನಾ ತುಂಬಿ ಮುಚ್ಚಿ ಇಟ್ಟೆ. ರೂಢಿ ನೋಡು, ಕೈ ಕೇಳಲಿಲ್ಲ."

"ಹೇಳಿಲ್ಲ ಯಾಕ ಮತ್ತ?"

"ಕೇಳದ ತಗೊಂಡೀನಿ. ಹಡಗಿನಾಗ ಹನ್ನೆರಡು ಖಾಲಿ ಬಾಟ್ಲಿ ಕಡಿಮಿ ಬಿದ್ದಾವು ಅಂತ ಎರಡು ದಿನ ಹುಡುಕ್ಯಾರ. ಆಗೇ ಬಾಯಿ ಬಿಡಲಿಲ್ಲ. ಈಗ ಹೆಂಗ ಹೇಳಲಿ? ಸೋರಿಸಿದ್ದಲ್ದ ಕದ್ದಾಳ ಅಂತಾರ."

"ಕದ್ದಿಯಲ್ಲ ಮತ್ತ."

"ಎತ್ತಿಟ್ಟೆ."

"ಹಂಗಾರ ಎತ್ತಿಟ್ಟೀನಿ ಅಂತ ಹೇಳು. ಸಾಕ್ಷಿ ಇಟ್ಟು ಒಡೀಲಿಲ್ಲ ಅಂದ್ರ ಅದು ಸಾಕ್ಷಿ ಅಲ್ಲ, ಉಪ್ಪಿನಕಾಯಿ."

ಅವಳು ನಾಳೆ ಫೋನ್ ಮಾಡುತ್ತೇನೆ ಅಂದಳು. ಪಾರಮ್ಮ ಒಳಗಿಂದ ಮೊಬೈಲ್ ತಂದು ಸೆರಗಿನಿಂದ ಒರೆಸಿ ಅವಳ ಮುಂದೆ ಹಿಡಿದಳು. "ಹೊರಗಿನೋರು ಒಬ್ಬರು ಕುಂತಾರ, ಈಗೇ ಮಾಡು. ಮನಿ ಮಂದಿ ಇದ್ರ ನೀ ಅಳ್ತಿ" ಅಂದಳು. ನನ್ನನ್ನು ಅಲ್ಲೇ ಕೂರಿಸಿದ ಆ ಲುಂಗಿ ಅಂದು ಎಷ್ಟು ಉಪಯೋಗಕ್ಕೆ ಬಂತು ಎಂದರೆ, ಅಷ್ಟು ಉಪಯೋಗಕ್ಕೆ ನನ್ನ ಯಾವ ಪುಸ್ತಕವೂ ಬಂದಿಲ್ಲ.

ನೀಲಾವತಿ ಗಲ್ಲಿಗೆ ಇಳಿದು ಮಾತಾಡಿದಳು. ನಮಗೆ ಕೇಳಿಸಿದ್ದು ಅವಳ ಕಡೆಯದ್ದು ಮಾತ್ರ: "ಹೌದು ಮೇಡಂ... ಹನ್ನೆರಡು ಮೇಡಂ... ತಪ್ಪಾತು ಮೇಡಂ... ಇಲ್ಲ, ಒಡದಿಲ್ಲ ಮೇಡಂ... ಕೆಳಗಿನ ನೀರು ಮೇಡಂ." ಕೊನೆಯ ಮಾತಿನ ನಂತರ ಅವಳು ಬಹಳ ಹೊತ್ತು ನಿಂತು ಕೇಳಿದಳು. ಒಳಗೆ ಬಂದು, "ಭಾಳ ಬೈದ್ರು" ಅಂದಳು. ಅವಳ ಮುಖದ ಮೇಲೆ ಆ ದಿನ ಮೊದಲ ಸಲ ಸ್ವಲ್ಪ ಕಳೆ ಬಂದಿತ್ತು. "ಸೋಮವಾರ ಬಾ ಅಂದಾರ. ಎದುರಿಗೇ ಒಡೀತಾರಂತ."

ನಾನು ಕಾಲೇಜು ತಲುಪಿದಾಗ ಹನ್ನೆರಡೂಕಾಲು. ಪ್ಯಾಂಟು ಅರ್ಧ ಒಣಗಿತ್ತು. ಭಾಷಣದಲ್ಲಿ ಸಮುದ್ರ ಎಂಬುದು ಒಂದು ಸೋಡಾ, ತಣ್ಣಗಿದ್ದರೆ ಗ್ಯಾಸು ಹಿಡಿದಿಡುತ್ತದೆ, ಕಾದರೆ ಬಿಡುತ್ತದೆ ಎಂದು ಗಂಭೀರವಾಗಿ ಹೇಳಿದೆ. ಜನ ನಕ್ಕರು. ನಗಿಸಲೆಂದು ಹೇಳಿದ ಮಾತಿಗೆ ನಗಲಿಲ್ಲ. ವಿಜ್ಞಾನದ ಮೇಷ್ಟ್ರೊಬ್ಬರು ಆಮೇಲೆ ಬಂದು ಕೈ ಕುಲುಕಿ, ಎಲ್ಲಿ ಓದಿದಿರಿ ಎಂದು ಕೇಳಿದರು. ಬಸ್ ನಿಲ್ದಾಣದ ಹಿಂದೆ ಅಂದೆ.

ಅಂದಿನ ಅವಸರದಲ್ಲಿ ಲುಂಗಿ ನನ್ನ ಚೀಲದಲ್ಲೇ ಬಳ್ಳಾರಿಗೆ ಬಂದಿತ್ತು. ಅದನ್ನು ಒಗೆದು ಇಸ್ತ್ರಿ ಮಾಡಿದ ನನ್ನ ಹೆಂಡತಿ, "ಮುಖ್ಯ ಅತಿಥಿಗೆ ಈಗ ಶಾಲು ಹೊದಿಸಂಗಿಲ್ಲೇನು, ಇದನ್ನೇ ಕೊಡ್ತಾರೇನು?" ಅಂದಳು. ಮೂರು ವಾರ ಕಳೆದು ಅದನ್ನು ವಾಪಸು ಕೊಡುವ ನೆಪದಲ್ಲಿ ಹೊರಟೆ. ನೀಲಾವತಿ ಕುರುಗೋಡಿನಲ್ಲಿದ್ದಾಳೆ ಎಂದು ಉಚ್ಚೆಂಗೆಪ್ಪ ಫೋನಿನಲ್ಲಿ ಹೇಳಿದ. ಏನಾಯಿತು ಎಂದು ಕೇಳಿದರೆ, "ಆಕೀನೇ ಹೇಳ್ತಾಳ. ನಾ ಹೇಳಿದ್ರ ಜಂಬ ಅಂತೀರಿ" ಅಂದ. ಅಲ್ಲಿಗೆ ಅರ್ಧ ಗೊತ್ತಾಯಿತು.

ಕುರುಗೋಡಿನಲ್ಲಿ ಅಂಜಿನೇಯನ ಅಂಗಡಿ ಗುಡ್ಡದ ನೆರಳಿನ ಕಡೆಗಿದೆ. ಹೊರಗೆ ಹೊಟ್ಟೆ ಬಿಚ್ಚಿದ ಪಂಪುಗಳು, ಒಳಗೆ ತಾಮ್ರದ ತಂತಿಯ ಸುರುಳಿಗಳು. ಅವನು ತಲೆ ಎತ್ತದೆ ತಂತಿ ಸುತ್ತುತ್ತ ಮಾತಾಡುವ ಮನುಷ್ಯ.

"ಬರ್ರಿ ಸಾರ್. ಪ್ಯಾಂಟಿನ ಸಾರ್ ಅಂದ್ರ ನೀವೇ ಏನು?"

ನಾನೇ ಅಂದೆ. ಕೀರ್ತಿ ಯಾವ ದಾರಿಯಲ್ಲಿ ಬಂದರೂ ಬೇಡ ಎನ್ನುವ ವಯಸ್ಸಲ್ಲ ನನ್ನದು.

ನೀಲಾವತಿ ಚಹಾ ತಂದು ಒಂದು ಪಂಪಿನ ಮೇಲೆ ಕೂತಳು. ಸೋಮವಾರ ಹೋದಳಂತೆ. ಪೆಟ್ಟಿಗೆ ಟೇಬಲ್ಲಿನ ಕೆಳಗೆ ಹಾಗೇ ಇತ್ತು. ಒಂದೊಂದು ಮುಚ್ಚಳಕ್ಕೂ ಅಪ್ಪನ ಅಂಗಡಿಯ ಬಣ್ಣದ ದಾರ ಕಟ್ಟಿದ್ದಳು. ಅದನ್ನು ನೋಡಿ ಸುನಂದಾ ಮೇಡಂ, "ಇದೇನು, ಯಾವ ದೇವರ ಹರಕೆ?" ಅಂದರು. ಅಳೆಯುವ ಯಂತ್ರಕ್ಕೆ ಒಂದು ಬಾಟಲಿಗೆ ಇಪ್ಪತ್ತು ನಿಮಿಷ ಬೇಕು. ಕೆಳಗಿನ ನೀರು ಮೊದಲೇ ಗ್ಯಾಸಿನಿಂದ ಬಿಗಿದದ್ದು. ಅಲ್ಲಿ ಏಳು ಡಿಗ್ರಿ ತಣ್ಣಗೆ ಇದ್ದದ್ದು ಬಾಟಲಿಯಲ್ಲಿ ಆರು ತಿಂಗಳು ಕೋಣೆಯ ಸೆಕೆಯಲ್ಲಿ ಕೂತಿತ್ತು. ಕೈ ಸಡಿಲವಿದ್ದರೆ ಮೊದಲು ಸೋರಬೇಕಾದದ್ದೇ ಅದು. ಮೇಡಂಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ.

"ಮೊದಲನೇದು ಹಾಕಿದ್ರು. ಆ ಹುಡುಗನ ಬಾಟ್ಲಿ ಸೆಪ್ಟೆಂಬರಿನಾಗ ಎಷ್ಟು ತೋರಿಸಿತ್ತೋ ಅಷ್ಟೇ ಬಂತು. ಎರಡನೇದೂ ಅಷ್ಟೇ. ಮೂರನೇದಕ್ಕ ಮೇಡಂ ಕುರ್ಚಿ ಎಳಕೊಂಡು ಯಂತ್ರದ ಮುಂದೇ ಕುಂತ್ರು. ಊಟಕ್ಕ ಹೋಗಲಿಲ್ಲ. ಹನ್ನೆರಡೂ ಆದವು. ಒಂದೂ ಸೋರಿರಲಿಲ್ಲ."

"ಅಂದರೆ?"

"ಅಂದ್ರ ನನ್ನ ಮುಚ್ಚಳ ಸರಿ ಇದ್ವು. ಮೇಲಿನ ನೀರಿನಾಗ ಖರೇನೇ ಗ್ಯಾಸ್ ಕಡಿಮಿ ಇತ್ತು. ಬದಲಾಗಿದ್ದು ಸಮುದ್ರ."

ಅಂಜಿನೇಯ ತಂತಿಯಿಂದ ಕಣ್ಣು ತೆಗೆಯದೆ ಅಂದ: "ನಮ್ಮ ಮನ್ಯಾಗೂ ಹಿಂಗೇ ಸಾರ್. ತಪ್ಪು ಈಕೀದಲ್ಲ ಅಂತ ಗೊತ್ತಾಗಾಕ ಆರು ತಿಂಗಳು ಬೇಕು."

ಸಮುದ್ರ ಯಾಕೆ ಬದಲಾಯಿತು ಎಂಬುದನ್ನು ಅವಳು ಚಹಾದ ಲೋಟದಲ್ಲೇ ತೋರಿಸಿದಳು. ಸಕ್ಕರೆ ತಳದಲ್ಲಿತ್ತು, ಕದಡಿರಲಿಲ್ಲ. ಸಮುದ್ರದಲ್ಲೂ ಗ್ಯಾಸು ಹೀಗೆ ಕೆಳಗಿರುತ್ತದೆ. ಮುಂಗಾರಿನ ಗಾಳಿ ಜೋರಾಗಿ ಬೀಸಿದ ವರ್ಷ ಮೇಲಿನ ನೀರು ಪಕ್ಕಕ್ಕೆ ಸರಿದು, ಕೆಳಗಿನ ತಣ್ಣನೆಯ ಖಡಕ್ ನೀರು ಎದ್ದು ಬರುತ್ತದೆ. ಬಂದು ಒಂದಷ್ಟು ಗ್ಯಾಸನ್ನು ಗಾಳಿಗೆ ಬಿಡುತ್ತದೆ. ಇಪ್ಪತ್ಮೂರರಲ್ಲಿ ಎಲ್ಲೋ ದೂರದ ಪೆಸಿಫಿಕ್ ಸಾಗರ ಕಾದಿತ್ತು. ಎಲ್ ನಿನೋ ಎಂಬ ಹೆಸರು ನಾವೆಲ್ಲ ಪೇಪರಿನಲ್ಲಿ ಓದಿದ್ದೆವು. ಆಗಸ್ಟಿನಲ್ಲಿ ಮಳೆ ಮುಖ ತಿರುಗಿಸಿದ್ದಕ್ಕೆ ಅದನ್ನೇ ಬೈದಿದ್ದೆವು. ಅವಳ ಹಡಗು ನಿಂತ ಜಾಗದಲ್ಲೂ ಆ ತಿಂಗಳು ಗಾಳಿ ಮಂದವಾಗಿತ್ತು. ಕದಡುವ ಚಮಚವೇ ಇರಲಿಲ್ಲ. ಸಕ್ಕರೆ ಕೆಳಗೇ ಕೂತಿತು.

"ಹಾಗಾದರೆ ಒಳ್ಳೆಯದೇ ಆಯಿತಲ್ಲ. ಗ್ಯಾಸು ಕೆಳಗೇ ಉಳಿಯಿತು" ಅಂದೆ.

"ಒಂದು ವರ್ಷದ ಮಾತು ಅದು ಸಾರ್. ಮೀನಿಗೆ ಬೇಕಾದ ಸತ್ವಾನೂ ಕೆಳಗೇ ಉಳೀತಲ್ಲ. ಅಲ್ದ ನೀರು ಬಿಸಿ ಆದಂಗ ಗ್ಯಾಸ್ ಹಿಡಕೊಳ್ಳೂ ತಾಕತ್ತೂ ಕಡಿಮಿ ಆಗತೈತಿ. ಒಳ್ಳೇದು ಕೆಟ್ಟದ್ದು ಆಮ್ಯಾಲೆ. ಮೊದಲು ಅದು ಏನು ಮಾಡತೈತಿ ಅಂತ ಸರಿಯಾಗಿ ಬರಕೋಬೇಕು. ನಮ್ಮ ಬಾಟ್ಲಿ ಚೆಲ್ಲಿದ್ರ ಆ ವರ್ಷ ಸಮುದ್ರ ಏನು ಮಾಡಿತು ಅಂತ ಯಾರಿಗೂ ಗೊತ್ತಾಗತಿರಲಿಲ್ಲ."

ಅವಳ ಅಂಕಿಗಳು ಉಳಿದವು. ಮೇಡಂ ಅವನ್ನು ಮತ್ತೆ ದೊಡ್ಡ ಲೆಕ್ಕಕ್ಕೆ ಸೇರಿಸಿದರು. ಕೇಳದೆ ಬಾಟಲಿ ಎತ್ತಿಟ್ಟದ್ದಕ್ಕೆ ಒಂದು ಲಿಖಿತ ಎಚ್ಚರಿಕೆಯನ್ನೂ ಕೊಟ್ಟರು. ಅವರು ಎರಡನ್ನೂ ಬಿಡುವವರಲ್ಲ. ಮಾರ್ಚ್ ಕೊನೆಯ ಪಟ್ಟಿಯಲ್ಲಿ ನೀಲಾವತಿಯ ಹೆಸರಿತ್ತು. ಅವಳ ಕೆಲಸದ ವಿವರದಲ್ಲಿ ಹೊಸದೊಂದು ಸಾಲು ಸೇರಿತ್ತು: ದಿನಕ್ಕೊಂದು ಹೆಚ್ಚುವರಿ ಬಾಟಲಿ, ಆಳದ ನೀರಿನಿಂದ, ಪ್ರತಿಯೊಬ್ಬ ತುಂಬುವವರ ಕೈಯಿಂದಲೂ. ಇಂಗ್ಲಿಷಿನಲ್ಲಿ ಅದಕ್ಕೊಂದು ಉದ್ದದ ಹೆಸರು ಇಟ್ಟಿದ್ದಾರಂತೆ. ಹಡಗಿನ ಹುಡುಗರು ಮಾತ್ರ ಈಗಲೂ ಸಾಕ್ಷಿ ಅಂತಲೇ ಅನ್ನುತ್ತಾರೆ, ಕನ್ನಡ ಬಾರದವರೂ.

ಸಿರುಗುಪ್ಪದಲ್ಲಿ ಇದರ ಪರಿಣಾಮ ಬೇರೆ ರೀತಿ ಆಯಿತು. ದೇಶನೂರಿನ ಎರ್ರಣ್ಣ ಈಗ ಯಾರಿಗೆ ಸೋಡಾ ಕೊಟ್ಟರೂ, ಸಮುದ್ರದ್ದೇ ಬಾಯಿ ಮುಚ್ಚಿಸಿದ ಮನೆಯ ಮಾಲು ಇದು ಎಂದು ಹೇಳಿ ಕೊಡುತ್ತಾನೆ. ಆದರೂ ತಗಡಿನ ಪಕ್ಕದಲ್ಲಿ ಇಡುವುದನ್ನು ಬಿಟ್ಟಿಲ್ಲ. ಉಚ್ಚೆಂಗೆಪ್ಪ ಮರಳಿನ ಮಡಕೆಯ ಮೇಲೆ ಒಂದು ರಟ್ಟು ತೂಗುಹಾಕಿದ್ದಾನೆ: ಮುಟ್ಟಬಾರದು. ಅದು ಯಾರಿಗಾಗಿ ಎಂದು ನಾನು ಕೇಳಿಲ್ಲ.

ಜುಲೈ ತಿಂಗಳ ಕೊನೆಗೆ ನೀಲಾವತಿ ಹೊರಟಳು. ಆ ವರ್ಷ ಮುಂಗಾರು ಹುರುಪಿನಲ್ಲಿತ್ತು. ಕೆಂಚನಗುಡ್ಡದ ಹತ್ತಿರ ಹೊಳೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಬಳ್ಳಾರಿ ಸ್ಟೇಷನ್ನಿನಲ್ಲಿ ಕಳಿಸಲು ಮನೆಯವರೆಲ್ಲ ಬಂದಿದ್ದರು. ಹತ್ತಿರದಲ್ಲೇ ನನ್ನ ಮನೆ, ನಾನೂ ಹೋದೆ. ಪಾರಮ್ಮ ಡಬ್ಬಿಗಟ್ಟಲೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಳು. "ಆ ವಿಷದ ಶೀಶೆ ಮುಟ್ಟಿದ ಕೈಲೆ ತಿನ್ನಬ್ಯಾಡ" ಎಂದು ಏಳನೇ ಸಲ ಹೇಳಿದಳು. ಉಚ್ಚೆಂಗೆಪ್ಪ ಏಳು ಬಣ್ಣದ ಹೊಸ ದಾರದ ಉಂಡೆಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟ. ಅಂಜಿನೇಯ ಏನೂ ಕೊಡಲಿಲ್ಲ. ಅವಳ ಸೂಟ್‌ಕೇಸಿನ ಹಿಡಿಕೆ ಅಲುಗಾಡುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲೇ ಕೂತು ತಾಮ್ರದ ತಂತಿ ಸುತ್ತಿ ಬಿಗಿ ಮಾಡಿದ.

"ಈ ವರ್ಷ ಗಾಳಿ ಜೋರೈತಿ ಸಾರ್" ಅಂದಳು ನೀಲಾವತಿ. ಕಣ್ಣಲ್ಲಿ ಪರೀಕ್ಷೆಗೆ ಓದಿಕೊಂಡು ಬಂದವಳ ಹೊಳಪಿತ್ತು. "ಮೇಲಿನ ನೀರಿನಾಗ ಗ್ಯಾಸ್ ಮತ್ತ ಏರಬೇಕು. ಏರಿದ್ರ ನಾವು ಹೇಳಿದ್ದು ಸರಿ."

"ಏರದಿದ್ದರೆ?"

"ಬರಕೋತೀನಿ."

ರೈಲು ಬಂತು. ಸಾಮಾನು ಹತ್ತಿಸಿದೆವು. ಅವಳು ಕಿಟಕಿಯ ಪಕ್ಕ ಕೂತಳು. ಆರು ತಿಂಗಳಿಂದ ಅವಳಿಗೆ ಒಂದು ಪ್ರಶ್ನೆ ಕೇಳಬೇಕೆಂದು ಇಟ್ಟುಕೊಂಡಿದ್ದೆ. ಹೊಳೆಯನ್ನಷ್ಟೇ ನೋಡಿ ಬೆಳೆದವರು ಕಣ್ಣು ಮುಟ್ಟುವವರೆಗೂ ನೀರು ಕಂಡಾಗ ಏನೋ ಒಂದು ಆಗಿಯೇ ಆಗುತ್ತದೆ, ಅದನ್ನು ಅವಳ ಬಾಯಿಂದಲೇ ಕೇಳಿ ಈ ಬರಹದ ಕೊನೆಗೆ ಇಡಬೇಕು ಎಂಬುದು ನನ್ನ ಆಸೆ. ಜೇಬಿನಿಂದ ಪೆನ್ನು ಕೂಡ ತೆಗೆದೆ.

"ನೀಲಾವತಿ, ಮೊಟ್ಟಮೊದಲ ಸಲ ಸಮುದ್ರ ನೋಡಿದಾಗ ನಿನಗೆ ಏನನ್ನಿಸ್ತಮ್ಮಾ?"

ರೈಲು ಸಣ್ಣಗೆ ಜಗ್ಗಿತು. ಅಪ್ಪನ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ಬಾಯಿ ಭಾಳ ಅಗಲ ಐತ್ರಿ ಸಾರ್" ಅಂದಳು. "ಮುಚ್ಚಳ ಸಿಗೂದು ಕಷ್ಟ."